ಒಲೆ ಆರಿದ ಮೇಲೆ ಅಟ್ಟದ ಪಾಡು

ಪುಷ್ಯ, ಮಾಘದ ಚಳಿಯಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆ ಶೀಟಿನ ಮಾಡು ಹೊದಿಸುವ ವೆಲ್ಡಿಂಗ್ ಕೆಲಸದವರಿಗೆ ಒಂದು ದೂರು ಮತ್ತೆ ಮತ್ತೆ ಬರುತ್ತದೆ. ‘ಮಳೆಗಾಲವಿಡೀ ಒಂದು ತೊಟ್ಟೂ ಸೋರದ ಮಾಡು ಈಗ ಸೋರ್ತಾ ಇದೆ ಮಾರಾಯ್ರೆ, ಒಮ್ಮೆ ಬಂದು ನೋಡಿ.’ ಆಕಾಶದಲ್ಲಿ ತುಣುಕು ಮೋಡವಿಲ್ಲ. ರಾತ್ರಿಯಿಡೀ ನಕ್ಷತ್ರ ಹೊಳೆದಿವೆ. ಬೆಳಗ್ಗೆ ಎದ್ದು ನೋಡಿದರೆ ಮೇಲೆ ಹರಡಿದ ಅಡಿಕೆಯ ಮೇಲೆ ಹನಿ, ಚೀಲದ ಮೇಲೆ ಹನಿ, ಹೊಸದಾಗಿ ಮಾಡಿಸಿದ ಸೀಲಿಂಗಿನಲ್ಲಿ ಅಂಗೈಯಗಲದ ಕಂದು ಕಲೆ. ಕೆಲಸದವರು ಬಂದು ಸ್ಕ್ರೂಗಳಿಗೆಲ್ಲ ಅಂಟು ಮೆತ್ತಿ ಹೋಗುತ್ತಾರೆ. ಮರುದಿನ ಬೆಳಗ್ಗೆ ಮತ್ತೆ ಅದೇ ಹನಿ.

ಆ ಮಾಡು ಸೋರುತ್ತಿಲ್ಲ. ಅದರಲ್ಲಿ ತೂತು ಹುಡುಕಿ ಫಲವಿಲ್ಲ. ತೊಟ್ಟಿಕ್ಕುತ್ತಿರುವ ನೀರು ಮನೆಯ ಒಳಗಿನದೇ. ಅನ್ನ ಬೇಯಿಸಿದ್ದು, ಮಿಂದದ್ದು, ಬಟ್ಟೆ ಒಣಗಿಸಿದ್ದು, ಹಸಿ ಅಡಿಕೆ ಹರಡಿದ್ದು, ಮನೆಮಂದಿ ಉಸಿರಾಡಿದ್ದು, ಎಲ್ಲದರ ಆವಿ ಮೇಲೇರಿ ಅಟ್ಟ ಸೇರಿ, ಹೊರಗೆ ಹೋಗಲು ದಾರಿ ಕಾಣದೆ ತಣ್ಣಗಿನ ತಗಡಿಗೆ ತಾಗಿ ನೀರಾಗಿ ಇಳಿದಿದೆ. ಹಿಂದಿನ ಮನೆಗಳಲ್ಲೂ ಈ ಆವಿ ಇತ್ತು, ಅಟ್ಟವೂ ಇತ್ತು. ಆದರೂ ಅಟ್ಟ ಮನೆಯಲ್ಲೇ ಅತ್ಯಂತ ಒಣಗಿದ ಜಾಗವಾಗಿತ್ತು. ಈಗ ಅದೇ ಏಕೆ ಅತ್ಯಂತ ಒದ್ದೆ ಜಾಗವಾಗುತ್ತಿದೆ, ಅದನ್ನು ಮತ್ತೆ ಒಣಗಿಸುವುದು ಹೇಗೆ ಎಂಬುದೇ ಇವತ್ತಿನ ಮಾತು.

ನಮ್ಮ ಸೀಮೆಯ ಹವೆ ನಿಮಗೆ ಗೊತ್ತಿರುವುದೇ. ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆ ಶೃಂಗೇರಿಗೆ ಹತ್ತಿರದ ನೆರೆ. ಮಳೆ ಬರಲಿ ಎಂದೂ, ಬಂದ ಮಳೆ ನಿಲ್ಲಲಿ ಎಂದೂ ಕಿಗ್ಗದ ಋಷ್ಯಶೃಂಗನಿಗೆ ಹರಕೆ ಹೊರುವ ಜನ ನಾವು. ಘಟ್ಟದ ಅಂಚಿನಿಂದ ಮೂಡಣಕ್ಕೆ ಸರಿದು ಕೊಪ್ಪ ದಾಟಿ ನರಸಿಂಹರಾಜಪುರ ಮುಟ್ಟುವಷ್ಟರಲ್ಲಿ ಮಳೆ ಎಷ್ಟೋ ಇಳಿದಿರುತ್ತದೆ, ನಿಜ. ಆದರೆ ಅಲ್ಲಿ ಭದ್ರಾ ಹಿನ್ನೀರಿದೆ, ಚಳಿಗಾಲದ ಬೆಳಗಿನ ಮಂಜಿದೆ. ಮೂರು ತಾಲ್ಲೂಕಿನಲ್ಲಿ ಯಾವ ಮನೆಯೂ ತೇವದಿಂದ ದೂರವಿಲ್ಲ.

ಹಳೆಯ ಮನೆಯ ಅಟ್ಟವನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಅಡುಗೆಮನೆಯ ಒಲೆಯ ನೇರ ಮೇಲೆ ಹೊಗೆಯಟ್ಟ. ಅಲ್ಲಿ ಬಿದಿರಿನ ತಟ್ಟಿಯ ಮೇಲೆ ಮಳೆಗಾಲದಲ್ಲಿ ಕೊಯ್ದ ಉಪ್ಪಾಗೆ ಒಣಗುತ್ತಿತ್ತು. ಬಿತ್ತನೆಗೆಂದು ತೆಗೆದಿಟ್ಟ ಬೀಜ ಬೂದಿ ಸವರಿಕೊಂಡು ಮುಂದಿನ ವರ್ಷಕ್ಕೆ ಕಾಯುತ್ತಿತ್ತು. ಬಾಳೆಪಟ್ಟೆಯ ಹಗ್ಗದಲ್ಲಿ ಮಗೆಕಾಯಿಗಳು ಸಾಲಾಗಿ ತೂಗುತ್ತಿದ್ದವು. ನೆನೆದ ಕಂಬಳಿ, ಗೊರಬು ಒಲೆಯ ಹತ್ತಿರ ಒಣಗುತ್ತಿದ್ದವು. ಎಷ್ಟೋ ಮನೆಗಳಲ್ಲಿ ಓಲೆಗರಿಯ ಕಟ್ಟುಗಳು, ಕಡತಗಳು ತಲೆಮಾರುಗಟ್ಟಲೆ ಉಳಿದು ಬಂದದ್ದು ಇಂಥ ಅಟ್ಟದ ಮೇಲೆಯೇ. ಪಕಾಸಿ, ರೀಪುಗಳಿಗೆ ಇಲ್ಲಣ ಕಟ್ಟಿ ಮರ ಕರ್ರಗೆ ಹೊಳೆಯುತ್ತಿತ್ತು. ಒರಲೆ ಆ ಕಡೆ ಸುಳಿಯುತ್ತಿರಲಿಲ್ಲ.

ಇದನ್ನೆಲ್ಲ ಕಾಪಾಡಿದ್ದು ಹೊಗೆ ಎಂದು ನಾವು ನಂಬಿದ್ದೇವೆ. ಹೊಗೆಗೂ ಅದರಲ್ಲಿ ಪಾಲಿದೆ. ಹೊಗೆಯಲ್ಲಿ ಫಿನಾಲ್ ಜಾತಿಯ ರಾಸಾಯನಿಕಗಳಿವೆ, ಅವು ಬೂಸ್ಟಿಗೂ ಹುಳಕ್ಕೂ ಆಗಿಬರುವುದಿಲ್ಲ. ಆದರೆ ಹೆಚ್ಚಿನ ಕೆಲಸ ಮಾಡಿದ್ದು ಒಲೆಯ ಬಿಸಿ. ಗಾಳಿಯ ಗುಣವೊಂದನ್ನು ಇಲ್ಲಿ ಗಮನಿಸಬೇಕು. ಬಿಸಿಯಾದಷ್ಟೂ ಗಾಳಿಗೆ ಹೆಚ್ಚು ಆವಿ ಹಿಡಿದುಕೊಳ್ಳುವ ಶಕ್ತಿ ಬರುತ್ತದೆ. ಆಷಾಢದ ಜಡಿಮಳೆಯಲ್ಲಿ ಹೊರಗೆ 22 ಡಿಗ್ರಿ ಇದ್ದು, ಗಾಳಿ ಪೂರ್ತಿ ನೀರುಂಡಿದೆ ಎನ್ನೋಣ. ಆಗ ಅದರ ಸಾಪೇಕ್ಷ ತೇವ ನೂರಕ್ಕೆ ನೂರು. ಅದೇ ಗಾಳಿಯನ್ನು ಬರೀ 4 ಡಿಗ್ರಿ ಬಿಸಿ ಮಾಡಿ 26ಕ್ಕೆ ತನ್ನಿ. ಅದರೊಳಗಿನ ನೀರು ಒಂದು ಹನಿಯೂ ಕಡಿಮೆಯಾಗಿಲ್ಲ, ಆದರೂ ಸಾಪೇಕ್ಷ ತೇವ 80ರ ಕೆಳಗೆ ಇಳಿಯುತ್ತದೆ. ಬೂಸ್ಟು ಹುಲುಸಾಗಿ ಬೆಳೆಯಬೇಕಾದರೆ ವಸ್ತುವಿನ ಮೈಗೆ ತಾಗಿದ ಗಾಳಿಯ ತೇವ ದಿನಗಟ್ಟಲೆ 80ರ ಮೇಲೇ ನಿಂತಿರಬೇಕು. ನಾಲ್ಕೇ ಡಿಗ್ರಿಯ ಆ ಬಿಸಿ ಅಟ್ಟವನ್ನು ಬೂಸ್ಟಿನ ಗಡಿಯಿಂದ ಈಚೆಗೆ ಎಳೆದು ತರುತ್ತಿತ್ತು. ಬೆಳಗ್ಗೆ ಐದಕ್ಕೆ ಹೊತ್ತಿಸಿದ ಒಲೆ, ರಾತ್ರಿ ಮಲಗುವವರೆಗೂ ಆರದ ಕೆಂಡ, ದಿನಕ್ಕೆ ಹದಿನೈದು ಹದಿನಾರು ಗಂಟೆ ಈ ಕೆಲಸ ಮಾಡುತ್ತಿದ್ದವು. ಅದಕ್ಕೆ ಪ್ರತ್ಯೇಕ ಖರ್ಚಿರಲಿಲ್ಲ, ಅದೊಂದು ಕೆಲಸವೆಂದು ಯಾರೂ ಎಣಿಸಿರಲೂ ಇಲ್ಲ. ಬಿಸಿಗಾಳಿ ಮೇಲೇರಿ ಹೆಂಚಿನ ಸಂದಿನಿಂದ ಹೊರಬಿದ್ದರೆ, ಅದರ ಜಾಗಕ್ಕೆ ಕೆಳಗಿನಿಂದ ಹೊಸ ಗಾಳಿ ಬರುತ್ತಿತ್ತು. ಹೀಗೆ ಅಟ್ಟಕ್ಕೆ ಬಿಸಿಯೂ ಸಿಕ್ಕಿತು, ಗಾಳಿಯಾಟವೂ ಸಿಕ್ಕಿತು.

ಇನ್ನೊಂದು ಸಂಗತಿ. ಈಗ ನಾವು ಇನ್ಸುಲೇಶನ್ ಎಂದು ಕರೆಯುವುದು ಆ ಮನೆಗಳಲ್ಲಿ ಇರಲಿಲ್ಲವೆಂದು ತಿಳಿಯಬೇಡಿ. ಅನೇಕ ಮನೆಗಳಲ್ಲಿ ಮುಚ್ಚಿಗೆಯ ಹಲಗೆಯ ಮೇಲೋ ಬಿದಿರಿನ ಹಾಸಿನ ಮೇಲೋ ಮಣ್ಣು ಹರಡಿ, ಮೆತ್ತಿ, ಸಗಣಿ ಸಾರಿಸುತ್ತಿದ್ದರು. ಸೋಗೆಯ ಮಾಡಿಗೆ ಬೆಂಕಿ ಬಿದ್ದರೆ ಕೆಳಗಿನ ಮನೆ ಉಳಿಯಲಿ ಎಂಬ ಮುಂದಾಲೋಚನೆ ಅದರಲ್ಲಿತ್ತು. ಬೇಸಗೆಯ ಸೆಕೆಯನ್ನೂ ಆ ಮಣ್ಣು ತಡೆಯುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಗುಣವೆಂದರೆ, ಗಾಳಿಯಲ್ಲಿ ತೇವ ಹೆಚ್ಚಾದಾಗ ಮಣ್ಣು ಅದನ್ನು ಹೀರಿಕೊಂಡು, ಒಲೆಯ ಬಿಸಿ ಏರಿದಾಗ ಬಿಟ್ಟುಕೊಡುತ್ತಿತ್ತು. ಹೀರಿದ್ದನ್ನು ಹಿಂದಿರುಗಿಸುವ ಈ ಗುಣ ಪ್ಲಾಸ್ಟಿಕ್ಕಿಗೂ ಇಲ್ಲ, ತಗಡಿಗೂ ಇಲ್ಲ.

ಅಂಥ ಹಳೆಯ ಮನೆಯೊಂದನ್ನು ಇಂದೂ ನೋಡಬಹುದು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಬೆಳೆದ ಮನೆ ಗಡಿಯಾಚೆ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿದೆ. ಕವಿಮನೆಗೆ ಹೋದವರು ಪಾತ್ರೆ, ತೊಟ್ಟಿಲು, ಪುಸ್ತಕಗಳನ್ನು ನೋಡಿ ಮರಳುತ್ತಾರೆ. ಇನ್ನೊಮ್ಮೆ ಹೋದಾಗ ಕತ್ತೆತ್ತಿ ಮಾಡನ್ನೂ ನೋಡಿ. ನಡುವೆ ಅಂಗಳ, ಸುತ್ತ ಅಂತಸ್ತು, ಮೇಲೆ ಮರದ ಮೈಕಟ್ಟಿನ ಹೆಂಚಿನ ಮಾಡು. ಅಷ್ಟು ದೊಡ್ಡ ಮನೆಯಲ್ಲಿ ಗಾಳಿ ಎಲ್ಲಿಂದ ಒಳಗೆ ಬರುತ್ತದೆ, ಎಲ್ಲಿಂದ ಹೊರಗೆ ಹೋಗುತ್ತದೆ ಎಂದು ಹುಡುಕುತ್ತ ಹೋದರೆ, ಇಂದು ಮನೆ ಕಟ್ಟಿಸುವವರಿಗೆ ಒಂದು ದಿನದ ಪಾಠ ಅಲ್ಲೇ ಸಿಗುತ್ತದೆ.

ಒಲೆ ಹೋದದ್ದಕ್ಕೆ ನನಗೆ ದುಃಖವಿಲ್ಲ. ಆ ಹೊಗೆ ಅಟ್ಟವನ್ನು ಕಾದಿತು, ಆದರೆ ಒಲೆಯ ಮುಂದೆ ಕೂತ ಹೆಂಗಸರ ಕಣ್ಣನ್ನೂ ಎದೆಯನ್ನೂ ತಿಂದಿತು. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕೆಂದು ಅಸ್ತ್ರ ಎಂಬ ಕೇಂದ್ರವನ್ನು ಕಟ್ಟಿದರು. ಅಲ್ಲಿ ರೂಪುಗೊಂಡ ಅಸ್ತ್ರ ಒಲೆ ಮಲೆನಾಡಿನ ಅಡುಗೆಮನೆಗಳಿಗೂ ಬಂತು. ಸೌದೆ ಕಡಿಮೆ ಸಾಕಾಯಿತು, ಹೊಗೆ ಕೊಳವೆಯಲ್ಲಿ ಹೊರಗೆ ಹೋಯಿತು. ಆಮೇಲೆ ಗ್ಯಾಸ್ ಬಂತು. 2016ರಲ್ಲಿ ಉಜ್ವಲಾ ಯೋಜನೆ ಶುರುವಾದ ಮೇಲೆ ಸಿಲಿಂಡರ್ ಬಡವರ ಮನೆಗೂ ತಲುಪಿತು. ಇವೆಲ್ಲ ಆಗಲೇಬೇಕಾಗಿದ್ದ ಒಳ್ಳೆಯ ಕೆಲಸಗಳು. ನಾವು ಮರೆತದ್ದು ಒಂದೇ: ಒಲೆ ಮಾಡುತ್ತಿದ್ದ ಎರಡನೆಯ ಕೆಲಸವನ್ನು ಇನ್ನು ಯಾರು ಮಾಡಬೇಕು ಎಂದು ಕೇಳಿಕೊಳ್ಳಲಿಲ್ಲ.

ಗ್ಯಾಸಿನ ಉರಿಯಲ್ಲಿ ಹೊಗೆ ಕಾಣದ್ದರಿಂದ ಅದರಿಂದ ಏನೂ ಹೊರಬರುವುದಿಲ್ಲವೆಂಬ ಭಾವನೆ ಇದೆ. ಅಡುಗೆ ಅನಿಲ ಉರಿದಾಗ ನೀರಿನ ಆವಿ ಹುಟ್ಟುತ್ತದೆ. ಒಂದು ಕೆಜಿ ಅನಿಲಕ್ಕೆ ಸುಮಾರು 1.6 ಕೆಜಿ ನೀರು. ಅಂದರೆ 14.2 ಕೆಜಿಯ ಒಂದು ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ 22 ಲೀಟರಿನಷ್ಟು ನೀರು ಆವಿಯಾಗಿ ಅಡುಗೆಮನೆಯ ಗಾಳಿಗೆ ಸೇರಿರುತ್ತದೆ. ಸೌದೆ ಉರಿದಾಗಲೂ ಆವಿ ಬರುತ್ತದೆ, ಆದರೆ ಸೌದೆಯೊಲೆ ಆ ಆವಿಯನ್ನು ಹೊರಗೆ ಹೊತ್ತೊಯ್ಯುವಷ್ಟು ಬಿಸಿಯನ್ನೂ ಜೊತೆಗೆ ಕೊಡುತ್ತಿತ್ತು. ಗ್ಯಾಸಿನ ಒಲೆ ದಿನಕ್ಕೆ ಎರಡು ಮೂರು ಗಂಟೆ ಉರಿದು ಆರುತ್ತದೆ. ಇದರ ಮೇಲೆ ಕುಕ್ಕರಿನ ಆವಿ, ಸ್ನಾನದ ಆವಿ, ಮಳೆಗಾಲದಲ್ಲಿ ಒಳಗೆ ಹಗ್ಗ ಕಟ್ಟಿ ಒಣಗಿಸುವ ಬಟ್ಟೆಯ ಆವಿ. ನಾಲ್ಕು ಜನರ ಸಂಸಾರದಲ್ಲಿ ಇವೆಲ್ಲ ಸೇರಿ ದಿನಕ್ಕೆ 10 ಲೀಟರಿನ ಆಸುಪಾಸು ನೀರು ಗಾಳಿಗೆ ಸೇರುತ್ತದೆ ಎಂಬುದು ಕಟ್ಟಡ ವಿಜ್ಞಾನಿಗಳ ಅಂದಾಜು.

ಒಲೆ ಆರುತ್ತಿದ್ದ ಕಾಲದಲ್ಲೇ ಮಾಡೂ ಬದಲಾಯಿತು. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಆ ಹೆಂಚು ಘಟ್ಟ ಹತ್ತಿ ಬಂದು ಸೋಗೆಯ ಜಾಗವನ್ನೂ ನಾಡಹೆಂಚಿನ ಜಾಗವನ್ನೂ ಹಿಡಿಯಿತು. ಹೆಂಚಿನ ಮಾಡಿನ ಸಂದುಸಂದಿನಲ್ಲೂ ಗಾಳಿ ಓಡಾಡುತ್ತದೆ, ಸುಟ್ಟ ಮಣ್ಣು ಸ್ವಲ್ಪ ನೀರು ಹೀರಿ ಬಿಸಿಲಿಗೆ ಆರಿಕೊಳ್ಳುತ್ತದೆ. ಅದನ್ನೇಕೆ ಬಿಟ್ಟರು ಎಂದು ಪೇಟೆಯವರು ಸುಲಭವಾಗಿ ಕೇಳಿಬಿಡುತ್ತಾರೆ. ಮಂಗಗಳ ಹಿಂಡು ಮಾಡಿನ ಮೇಲೆ ಕುಣಿದು ಹೆಂಚು ಸರಿಸಿ, ಒಡೆದು ಹೋಗುವುದನ್ನು ಕಂಡವರು ಆ ಪ್ರಶ್ನೆ ಕೇಳುವುದಿಲ್ಲ. ಮೃಗಶಿರಕ್ಕೆ ಮುಂಚೆ ಹೆಂಚು ಕೈಯಾಡಿಸುವ ಆಳು ಸಿಗುವುದಿಲ್ಲ. ಪಕಾಸಿಗೆ ಒಳ್ಳೆಯ ಕೆಚ್ಚಿನ ಮರ ಕೈಗೆಟುಕುವುದಿಲ್ಲ. ಹಾಗಾಗಿ ಕಬ್ಬಿಣದ ಟ್ರಸ್ಸು, ಬಣ್ಣದ ಶೀಟು. ತಾರಸಿ ಮನೆ ಕಟ್ಟಿದವರೂ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ತಾರಸಿಯ ಮೇಲೆ ಶೀಟು ಹೊದಿಸುತ್ತಾರೆ. ಅದು ಅವರ ಹೊಸ ಅಟ್ಟ. ಅಲ್ಲಿ ಸೌದೆ, ಅಡಿಕೆ, ಮೆಣಸು, ಹಳೆಯ ಪೆಟ್ಟಿಗೆಗಳು. ಇರಚಲು ಹೊಡೆಯುತ್ತದೆಂದು ಮೊದಲ ವರ್ಷ ಪಡುವಣ ಬದಿಗೆ ಶೀಟು ಬಡಿಯುತ್ತಾರೆ, ಎರಡನೆಯ ವರ್ಷ ಉಳಿದ ಮೂರೂ ಬದಿಗೆ. ಬೇಸಗೆಯಲ್ಲಿ ಸೆಕೆ ತಡೆಯಲಾಗದೆ, ಮಳೆಗಾಲದಲ್ಲಿ ಶೀಟಿನ ಸದ್ದು ತಡೆಯಲಾಗದೆ, ಮೂರನೆಯ ವರ್ಷ ಕೆಳಗೊಂದು ಸೀಲಿಂಗ್, ನಡುವೆ ಗ್ಲಾಸ್‌ವೂಲ್ ಅಥವಾ ಥರ್ಮಾಕೋಲ್. ಪ್ರತಿ ಹೆಜ್ಜೆಯೂ ಅವರವರ ಮಟ್ಟಿಗೆ ನ್ಯಾಯವೇ. ಮೂರನೆಯ ಹೆಜ್ಜೆ ಮುಗಿದಾಗ ಮಾತ್ರ ಗಾಳಿ ಹೊರಗೆ ಹೋಗುವ ಕಡೆಯ ಕಿಂಡಿಯೂ ಮುಚ್ಚಿರುತ್ತದೆ.

ಈಗ ಆ ಪುಷ್ಯದ ರಾತ್ರಿಗೆ ಬರೋಣ. 25 ಡಿಗ್ರಿಯ ಗಾಳಿ ಒಂದು ಘನ ಮೀಟರಿನಲ್ಲಿ ಹೆಚ್ಚೆಂದರೆ 23 ಗ್ರಾಂ ಆವಿ ಹಿಡಿಯಬಲ್ಲದು. 15 ಡಿಗ್ರಿಗೆ ಇಳಿದರೆ 13 ಗ್ರಾಂ ಮಾತ್ರ. ಉಳಿದದ್ದು ನೀರಾಗಲೇಬೇಕು. ಮೋಡವಿಲ್ಲದ ರಾತ್ರಿಯಲ್ಲಿ ತಗಡು ತನ್ನ ಬಿಸಿಯನ್ನು ನೇರ ಆಕಾಶಕ್ಕೆ ಬಿಟ್ಟುಕೊಡುತ್ತದೆ. ಸುತ್ತಲ ಗಾಳಿ 15 ಡಿಗ್ರಿ ಇದ್ದರೆ ಶೀಟು ಅದಕ್ಕಿಂತಲೂ ಕೆಲವು ಡಿಗ್ರಿ ತಣ್ಣಗಾಗುತ್ತದೆ. ಮೋಡವಿದ್ದರೆ ಹೀಗಾಗುವುದಿಲ್ಲ, ಮೋಡ ಆ ಬಿಸಿಯನ್ನು ತಡೆದು ಹಿಂದಕ್ಕೆ ಕಳಿಸುತ್ತದೆ. ನಿರ್ಮಲ ಆಕಾಶದ ಮರುಬೆಳಗ್ಗೆಯೇ ಹನಿ ಹೆಚ್ಚು ಬೀಳುವುದು ಈ ಕಾರಣಕ್ಕೆ. ಕುದಿಯುವ ಅನ್ನದ ಪಾತ್ರೆಯ ಮುಚ್ಚಳದ ಒಳಮೈಯಲ್ಲಿ ಹನಿ ಕಟ್ಟುವುದಿಲ್ಲವೇ, ಇದೂ ಹಾಗೆಯೇ.

ಇದೇ ಕಾಲಕ್ಕೆ ನಮ್ಮಲ್ಲಿ ಅಡಿಕೆ ಕೊಯ್ಲು. ಕೊನೆ ಇಳಿಸಿ, ಸುಲಿದು, ಚೊಗರಿನಲ್ಲಿ ಬೇಯಿಸಿದ ಅಡಿಕೆಯ ತೂಕದಲ್ಲಿ ಅರ್ಧದಷ್ಟಾದರೂ ನೀರು. ಅಂಗಳದ ಚಪ್ಪರದ ಮೇಲೆ ಒಣಗಿದರೆ ಆ ನೀರು ಬಯಲಿಗೆ ಹೋಗುತ್ತದೆ. ಇಬ್ಬನಿಗೆ ಹೆದರಿ ಸಂಜೆ ರಾಶಿ ಮಾಡಿ ಮುಚ್ಚಿದ ಮಾಡಿನಡಿ ತಂದಿಟ್ಟರೆ, ಹೊರಗಿನ ಇಬ್ಬನಿಯಿಂದ ಉಳಿಸಿದ ಅಡಿಕೆಗೆ ಒಳಗಿನ ಇಬ್ಬನಿ ಬೀಳುತ್ತದೆ. ಕ್ವಿಂಟಲ್‌ಗಟ್ಟಲೆ ಹಸಿ ಅಡಿಕೆ ಇರುವ ಅಟ್ಟಕ್ಕೆ ಅದೊಂದೇ ಸಾಕು, ಬೇರೆ ಆವಿಯೇ ಬೇಡ. ದರ ಏರಲಿ ಎಂದು ತಿಂಗಳುಗಟ್ಟಲೆ ಇಟ್ಟ ಚೀಲಗಳ ಗತಿಯೂ ಇಷ್ಟೇ. ಬೂಸ್ಟು ಮುಟ್ಟಿದ ಅಡಿಕೆಯನ್ನು ಮಂಡಿಯಲ್ಲಿ ಮೂಸಿಯೇ ಬದಿಗಿಡುತ್ತಾರೆ. ವರ್ಷದ ದುಡಿಮೆ ಮಾಡಿನ ಹನಿಯಲ್ಲಿ ಹೋಗುವುದನ್ನು ನೋಡಿ ಸುಮ್ಮನಿರಲಾಗುವುದಿಲ್ಲ.

ಸೋರಿಕೆಯೋ ಒಳಗಿನ ಆವಿಯೋ ಎಂದು ತಿಳಿಯುವುದು ಕಷ್ಟವೇನಲ್ಲ. ಸೋರುವ ಮಾಡಿಗೆ ಜಾಗ ಗೊತ್ತು. ಮಳೆ ಬಂದಾಗ ಅಲ್ಲೇ ಸೋರುತ್ತದೆ, ಕಲೆ ಅಲ್ಲೇ ದೊಡ್ಡದಾಗುತ್ತದೆ. ಆವಿಯ ಹನಿ ಶೀಟಿನ ಉದ್ದಗಲಕ್ಕೂ ಬೆವರುತ್ತದೆ, ಬೆಳಗಿನ ಜಾವ ಹೆಚ್ಚು, ಬಿಸಿಲೇರಿದ ಗಂಟೆಯೊಳಗೆ ಮಾಯ. ಸಂಶಯವಿದ್ದರೆ ಬೆಳಕು ಹರಿಯುವ ಮೊದಲೇ ಮೇಲೆ ಹತ್ತಿ ಶೀಟಿನ ಒಳಮೈಗೆ ಅಂಗೈ ಸವರಿ ನೋಡಿ. ತೇವ ತೋರಿಸುವ ಸಣ್ಣ ಮೀಟರುಗಳು ಈಗ ಕೆಲವು ನೂರು ರೂಪಾಯಿಗೆ ಸಿಗುತ್ತವೆ. ಒಂದನ್ನು ಅಟ್ಟದಲ್ಲಿ, ಒಂದನ್ನು ಜಗಲಿಯಲ್ಲಿ ಇಟ್ಟು ಹೋಲಿಸಿ. ಎರಡೂ ಕಡೆ ಬಿಸಿ ಒಂದೇ ಇದ್ದು, ಅಟ್ಟದ ತೇವ ಜಗಲಿಯದಕ್ಕಿಂತ ದಿನವೂ ಹೆಚ್ಚಿದ್ದರೆ, ಆ ನೀರು ಮನೆಯೊಳಗಿಂದಲೇ ಏರಿದ್ದು. ಅಂಟಿನ ಡಬ್ಬಿಗೆ ದುಡ್ಡು ಹಾಕುವ ಮುನ್ನ ಈ ಪರೀಕ್ಷೆ ಆಗಲಿ.

ಚಳಿಗಾಲದ ಹನಿಗೆ ಮದ್ದು ಗಾಳಿ. ಆಗ ಹಗಲಿನ ಹೊರಗಾಳಿ ಒಣಗಿರುತ್ತದೆ, ಅದನ್ನು ಒಳಗೆ ಬಿಟ್ಟು ಹಸಿಗಾಳಿಯನ್ನು ಹೊರಗಟ್ಟಿದರೆ ಆಯಿತು. ಕಿಂಡಿ ಎಷ್ಟು ದೊಡ್ಡದಿರಬೇಕು? ಅಟ್ಟದ ನೆಲದ 150ರಲ್ಲಿ ಒಂದು ಪಾಲು ತೆರವು ಬೇಕೆನ್ನುವುದು ಅಮೆರಿಕದ ಕಟ್ಟಡ ನಿಯಮದ ಲೆಕ್ಕ. 1200 ಚದರ ಅಡಿಯ ಮನೆಗೆ 8 ಚದರ ಅಡಿ. ಅಡಿಕೆ ಇಡುವ ನಮ್ಮ ಅಟ್ಟಕ್ಕೆ ಇದು ಕನಿಷ್ಠವೆಂದೇ ಇಟ್ಟುಕೊಳ್ಳಿ, ಇನ್ನಷ್ಟಿದ್ದರೆ ಒಳ್ಳೆಯದು. ಅದರಲ್ಲಿ ಅರ್ಧ ಕೆಳಗೆ ಸೂರಿನ ಹತ್ತಿರ, ಅರ್ಧ ಮೇಲೆ ಮಾಡಿನ ನೆತ್ತಿಯ ಹತ್ತಿರ. ಎರಡೂ ಒಂದೇ ಎತ್ತರದಲ್ಲಿದ್ದರೆ, ಬೀಸುಗಾಳಿ ಇಲ್ಲದ ಹೊತ್ತಿನಲ್ಲಿ ಗಾಳಿಯಾಟ ನಿಂತುಬಿಡುತ್ತದೆ. ಮುಂಗಾರು ನಮಗೆ ನೈಋತ್ಯ ಮತ್ತು ಪಡುವಣದಿಂದ ಹೊಡೆಯುವುದರಿಂದ ಆ ಬದಿಯ ಕಿಂಡಿಗೆ ಕೆಳಮುಖವಾಗಿ ಓರೆಯಿಟ್ಟ ಪಟ್ಟಿಗಳಿರಲಿ, ಮೂಡಣ ಬದಿಯ ಜಾಲಂಧ್ರ ದೊಡ್ಡದಾಗಿರಲಿ. ಬಾವಲಿ, ಇಲಿ ಬಾರದಂತೆ ಬಲೆ ಹೊಡೆಯಿರಿ. ಬಲೆಯ ತಂತಿ ತೆರವಿನ ಒಂದು ಪಾಲನ್ನು ತಿನ್ನುತ್ತದೆ, ಧೂಳು ಕೂತರೆ ಇನ್ನಷ್ಟು. ಆದ್ದರಿಂದ ಕಿಂಡಿಯನ್ನು ಲೆಕ್ಕಕ್ಕಿಂತ ದೊಡ್ಡದಾಗಿಯೇ ಇಡಬೇಕು.

ಮಳೆಗಾಲದ ಕತೆ ಬೇರೆ. ಇಲ್ಲಿ ಪರದೇಶದ ಪುಸ್ತಕ ನಮ್ಮ ಕೈ ಬಿಡುತ್ತದೆ. ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳಲ್ಲಿ ಹೊರಗಾಳಿಯೇ ವಾರಗಟ್ಟಲೆ ತೊಯ್ದಿರುತ್ತದೆ. ಕಿಂಡಿ ತೆರೆದರೆ ಅಟ್ಟ ಹೊರಗಿನಷ್ಟು ತೇವಕ್ಕೆ ಬರುತ್ತದೆಯೇ ಹೊರತು ಅದಕ್ಕಿಂತ ಒಣಗುವುದಿಲ್ಲ. ಹಾಗೆಂದು ಮುಚ್ಚಿದರೆ ಮನೆಯ ಆವಿ ಸೇರಿ ಇನ್ನೂ ಕೆಡುತ್ತದೆ. ಕಿಂಡಿ ತೆರೆದೇ ಇರಲಿ. ಅದರ ಜೊತೆಗೆ, ಒಳಗೆ ಹುಟ್ಟುವ ಆವಿಯನ್ನು ಹುಟ್ಟಿದಲ್ಲೇ ಹೊರಗಟ್ಟಬೇಕು. ಅಡುಗೆಮನೆ, ಬಚ್ಚಲಿನ ಎಕ್ಸಾಸ್ಟ್ ಫ್ಯಾನಿನ ಕೊಳವೆ ಗೋಡೆಯ ಹೊರಗೆ ಬಾಯಿ ತೆರೆಯಬೇಕು. ಎಷ್ಟೋ ಹೊಸ ಮನೆಗಳಲ್ಲಿ ಕೊಳವೆಯನ್ನು ಸೀಲಿಂಗಿನ ಮೇಲಕ್ಕೆ ತಂದು ಅಲ್ಲೇ ಬಿಟ್ಟುಬಿಟ್ಟಿರುತ್ತಾರೆ. ಕೆಳಗಿನವರಿಗೆ ಆವಿ ಹೋಯಿತೆಂಬ ಸಮಾಧಾನ. ಅದು ಹೋದದ್ದು ಅಟ್ಟಕ್ಕೆ. ಇದಕ್ಕಿಂತ ಕೆಟ್ಟ ಕೆಲಸ ಅಟ್ಟದ ಪಾಲಿಗೆ ಇನ್ನೊಂದಿಲ್ಲ. ಬೆಳಕಿನ ಅಂದಕ್ಕೆಂದು ಸೀಲಿಂಗಿಗೆ ಕೊರೆದ ದೀಪದ ತೂತುಗಳೂ ಆವಿಗೆ ಏಣಿಯೇ. ಅವುಗಳ ಸುತ್ತಲಿನ ಸಂದನ್ನು ಮುಚ್ಚಿಸಿ.

ಉಳಿದದ್ದು ಬಿಸಿ. ಅಡುಗೆಯ ಒಲೆ ಹೋದರೂ ನಮ್ಮಲ್ಲಿ ಬಹಳಷ್ಟು ಮನೆಗಳ ಬಚ್ಚಲಲ್ಲಿ ಹಂಡೆಯ ಒಲೆ ಇನ್ನೂ ಉರಿಯುತ್ತಿದೆ. ಮಳೆಗಾಲದಲ್ಲಂತೂ ಬೆಳಗಿನಿಂದ ಸಂಜೆಯವರೆಗೆ. ಆ ಬಿಸಿಯನ್ನು ವ್ಯರ್ಥ ಬಿಡುವುದೇಕೆ? ಹೊಸ ಮನೆ ಕಟ್ಟುವವರು ಹಂಡೆಯ ಒಲೆಯ ಹೊಗೆಕೊಳವೆಯನ್ನು ಸಾಮಾನು ಕೋಣೆಯ ಗೋಡೆಯ ಒಳಬದಿಯಲ್ಲಿ ಹಾಯಿಸಿ ಮಾಡಿನಾಚೆ ಬಿಡಬಹುದು. ಹೊಗೆ ಹೊರಗೆ ಹೋಗುತ್ತದೆ, ಬಿಸಿ ಒಳಗೆ ಉಳಿಯುತ್ತದೆ. ಕೊಳವೆಗೂ ಮರಕ್ಕೂ ನಡುವೆ ಇಟ್ಟಿಗೆಯ ಅಂತರ ಬೇಕೇ ಬೇಕು, ಬೆಂಕಿಯ ವಿಷಯದಲ್ಲಿ ರಿಯಾಯಿತಿ ಇಲ್ಲ. ಹಳೆಯ ಮನೆಯಲ್ಲಿರುವವರು ಬೀಜ, ಮೆಣಸು, ಪುಸ್ತಕ, ರೇಷ್ಮೆ ಸೀರೆಯಂಥ ನಾಜೂಕಿನ ವಸ್ತುಗಳನ್ನು ಅಟ್ಟದ ಮೂಲೆಗಳಲ್ಲಿ ಚೆಲ್ಲಾಡದೆ ಬಚ್ಚಲಿಗೆ ತಾಗಿದ ಒಂದು ಬೆಚ್ಚನೆಯ ಗೋಡೆಯ ಬದಿಗೆ ತನ್ನಿ. ಕಪಾಟಿನಲ್ಲಿ ಬಲ್ಬು ಉರಿಸಿಡುವ ಅಭ್ಯಾಸ ನಮ್ಮಲ್ಲಿ ಮೊದಲಿನಿಂದ ಇದೆ. ಅದೂ ಒಲೆಯ ಆ ನಾಲ್ಕು ಡಿಗ್ರಿಯ ಕೆಲಸವೇ. ಬಿಸಿ ಕೊಡುವ ಹಳೆಯ ಬಲ್ಬು ಬೇಕು, ಎಲ್‌ಇಡಿಯಿಂದ ಆಗುವುದಿಲ್ಲ. ಬಟ್ಟೆಗೆ, ಕಾಗದಕ್ಕೆ ತಾಗದಂತೆ ತಂತಿಯ ಗೂಡಿನೊಳಗಿರಲಿ. 60 ವ್ಯಾಟಿನದಾದರೆ ದಿನಕ್ಕೆ ಒಂದೂವರೆ ಯೂನಿಟ್ ಒಳಗೇ ಮುಗಿಯುತ್ತದೆ. ಇಡೀ ಅಟ್ಟವನ್ನು ಬಿಸಿ ಮಾಡಲು ಹೋಗುವುದು ಬೇಡ, ಸಣ್ಣ ಜಾಗವನ್ನು ಚೆನ್ನಾಗಿ ಕಾಯ್ದುಕೊಂಡರೆ ಸಾಕು.

ಇನ್ಸುಲೇಶನ್ ಹಾಕಿಸಬೇಡಿ ಎಂದು ನಾನು ಹೇಳುವುದಿಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ ಶೀಟಿನಡಿ ಕೂತ ಮುದುಕರ, ಮಕ್ಕಳ ಸಂಕಟ ಸಣ್ಣದಲ್ಲ. ಹಾಕುವ ಜಾಗದ ಬಗ್ಗೆ ಮಾತ್ರ ಎಚ್ಚರ ಬೇಕು. ಗ್ಲಾಸ್‌ವೂಲ್ ಬಿಸಿಯನ್ನು ತಡೆಯುವುದು ತನ್ನ ಎಳೆಗಳ ನಡುವೆ ಹಿಡಿದಿಟ್ಟ ಗಾಳಿಯಿಂದ. ನೀರು ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಸಲೀಸಾಗಿ ಬಿಸಿಯನ್ನು ದಾಟಿಸುತ್ತದೆ. ಎಳೆಗಳ ನಡುವೆ ನೀರು ಸೇರಿದರೆ ಖರ್ಚು ಮಾಡಿದ್ದೆಲ್ಲ ವ್ಯರ್ಥ, ಮೇಲಿಂದ ಅದರ ಭಾರ ಸೀಲಿಂಗಿಗೆ. ಶೀಟಿನ ಒಳಮೈಗೆ ಬರೀ ಗ್ಲಾಸ್‌ವೂಲ್ ಸಿಕ್ಕಿಸಿದರೆ ಆವಿ ಅದರೊಳಗೆ ನುಸುಳಿ ತಗಡಿಗೆ ತಾಗಿ ಅಲ್ಲೇ ನೀರಾಗುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಕಾಣುವಷ್ಟರಲ್ಲಿ ಶೀಟು ಒಳಗಿನಿಂದ ತುಕ್ಕು ಹಿಡಿದಿರುತ್ತದೆ. ಸೀಲಿಂಗಿನ ಬೆನ್ನಿನ ಮೇಲೆ ಹಾಸಿ, ಅದಕ್ಕೂ ಶೀಟಿಗೂ ನಡುವೆ ಗಾಳಿ ಓಡಾಡುವ ಜಾಗ ಬಿಟ್ಟು, ಸೂರಿನ ಕಿಂಡಿಗೆ ಅಡ್ಡ ಬಾರದಂತೆ ನೋಡಿಕೊಂಡರೆ ಅದು ಬಾಳುತ್ತದೆ. ಶೀಟಿಗೇ ಅಂಟಿಸಬೇಕೆಂದಿದ್ದರೆ ಗುಳ್ಳೆಯ ಫಾಯಿಲ್ ಹಾಳೆಯಂಥ ಆವಿ ದಾಟದ ವಸ್ತು ಬೇಕು, ಅದರ ಒಂದೊಂದು ಸಂದಿಗೂ ಟೇಪು ಬೀಳಬೇಕು. ಅರ್ಧಂಬರ್ಧ ಟೇಪು ಹಾಕುವುದಕ್ಕಿಂತ ಆ ಹಾಳೆಯನ್ನೇ ಹಾಕದಿರುವುದು ಮೇಲು. ಇದಕ್ಕೆಲ್ಲ ಮೊದಲು ಶೀಟಿನ ಮೇಲ್ಮೈಗೆ ಬಿಳಿ ಬಣ್ಣ ಬಳಿಸಿ ಒಂದು ಬೇಸಗೆ ನೋಡಿ ಎನ್ನುವುದು ನನ್ನ ಸಲಹೆ. ಬಿಸಿಲನ್ನು ಹೊರಗೇ ಹಿಂದಿರುಗಿಸಿದರೆ ಒಳಗೆ ತಡೆಯಬೇಕಾದ ಸೆಕೆ ಅಷ್ಟರಮಟ್ಟಿಗೆ ಇಳಿಯುತ್ತದೆ.

ಕೆನಡಾ, ಅಮೆರಿಕದಲ್ಲಿ ನೆಲೆಸಿದ ನಮ್ಮೂರಿನ ಮಕ್ಕಳು ಫೋನಿನಲ್ಲಿ ಹೇಳುವುದುಂಟು: ‘ಅಪ್ಪಾ, ಸೀಲಿಂಗಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿಸಿಬಿಡಿ, ಇಲ್ಲಿ ಎಲ್ಲಾ ಮನೆಗೂ ಹಾಗೇ ಮಾಡ್ತಾರೆ.’ ಅಲ್ಲಿ ತಿಂಗಳುಗಟ್ಟಲೆ ಒಳಗೆ ಬೆಚ್ಚಗೆ, ಹೊರಗೆ ಹಿಮ. ಆವಿ ಯಾವಾಗಲೂ ಒಳಗಿನಿಂದ ಹೊರಕ್ಕೆ ತಳ್ಳುತ್ತದೆ, ಅದನ್ನು ಬೆಚ್ಚನೆಯ ಬದಿಯಲ್ಲೇ ತಡೆಯುವುದು ಅಲ್ಲಿಗೆ ಸರಿ. ನಮ್ಮ ಮಳೆಗಾಲದಲ್ಲಿ ಒಳಗೂ ಹೊರಗೂ ಹೆಚ್ಚಿನ ವ್ಯತ್ಯಾಸವೇ ಇಲ್ಲ, ಆವಿ ಈ ದಿನ ಆ ಕಡೆ, ಮರುದಿನ ಈ ಕಡೆ. ನಡುವೆ ಪ್ಲಾಸ್ಟಿಕ್ ಹಾಸಿದರೆ ಎರಡೂ ಬದಿಯ ಮರ ಆರುವ ದಾರಿ ಮುಚ್ಚುತ್ತದೆ. ಹೆಂಚಿನ ಮನೆಯವರು ಸೋರಿಕೆಗೆ ಹೆದರಿ ಹೆಂಚಿನಡಿ ಟಾರ್ಪಾಲು ಹರಡುವುದೂ ಇದೇ ತಪ್ಪು. ಟಾರ್ಪಾಲಿನ ಮೇಲೆ ನಿಂತ ನೀರಿನಲ್ಲಿ ರೀಪು ನೆನೆಯುತ್ತದೆ, ಟಾರ್ಪಾಲಿನ ಕೆಳಗೆ ಆವಿ ಕಟ್ಟಿ ಪಕಾಸಿ ನೆನೆಯುತ್ತದೆ. ಮರದಲ್ಲಿ ತೇವ ಶೇಕಡಾ 20ರ ಕೆಳಗಿದ್ದರೆ ಕೊಳೆಯುವ ಭಯವಿಲ್ಲ. ಅದರ ಮೇಲೇರಿ ತಿಂಗಳುಗಟ್ಟಲೆ ನಿಂತರೆ ಕೆಚ್ಚು ಬಲಿಯದ ಇಂದಿನ ಅಕೇಶಿಯಾ, ಸಿಲ್ವರ್ ಮರಗಳು ಬಹಳ ವರ್ಷ ತಡೆಯುವುದಿಲ್ಲ. ಒಡೆದ ಹೆಂಚನ್ನು ಬದಲಾಯಿಸುವುದು, ಬೇಸಗೆಯಲ್ಲಿ ಪಾಚಿ, ತರಗೆಲೆ ತೆಗೆಸುವುದು, ಮಾಡಿನ ಮೇಲೆ ಬಾಗಿದ ಕೊಂಬೆ ಸವರಿಸಿ ಬಿಸಿಲು ಬೀಳುವಂತೆ ಮಾಡುವುದು, ಟಾರ್ಪಾಲಿಗಿಂತ ಇವೇ ಅಗ್ಗ.

ಇದನ್ನೆಲ್ಲ ಮಾಡಿಸಲು ಹೊತ್ತು ಯಾವುದೆಂದರೆ ಶೀಟು ಏರುವ ಮೊದಲು. ಟ್ರಸ್ಸಿನ ವೆಲ್ಡಿಂಗ್ ನಡೆಯುತ್ತಿರುವಾಗ ಎರಡು ಕೊನೆಯ ತ್ರಿಕೋನಗಳಲ್ಲಿ ಬಲೆಗೆ ಚೌಕಟ್ಟು ಬಿಡಿಸಿಕೊಳ್ಳುವುದಕ್ಕೆ ಅರ್ಧ ದಿನದ ಕೂಲಿ ಸಾಕು. ಶೀಟು ಬಡಿದ ಮೇಲೆ ಕತ್ತರಿಸಿ ಕೂಡಿಸುವುದಕ್ಕೆ ಹಲವು ಪಟ್ಟು ಖರ್ಚು, ಸೋರಿಕೆಯ ಭಯ ಬೇರೆ. ಸ್ಕ್ರೂಗಳನ್ನು ನೀರು ಹರಿಯುವ ತಗ್ಗಿನಲ್ಲಿ ಹೊಡೆಯದೆ ಶೀಟಿನ ಉಬ್ಬಿನ ಮೇಲೆ ಹೊಡೆಯುವಂತೆ ನೀವೇ ನಿಂತು ನೋಡಿ. ಬಿಸಿಲಿಗೆ ಒಣಗಿ ಬಿರಿಯುವ ವಾಷರುಗಳನ್ನು ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕಾಗುತ್ತದೆ. ಸೀಲಿಂಗ್ ಮಾಡಿಸುವವರು ಒಂದು ಮೂಲೆಯಲ್ಲಿ ಆಳು ನುಸುಳುವಷ್ಟು, ಎರಡು ಅಡಿ ಚೌಕದ ಬಾಗಿಲು ಬಿಡಿಸಿಕೊಳ್ಳಿ. ಹಳೆಯ ಅಟ್ಟಕ್ಕೆ ಏಣಿ ಇತ್ತು, ಮನೆಯವರು ದಿನಕ್ಕೊಮ್ಮೆಯಾದರೂ ಹತ್ತಿ ಇಳಿಯುತ್ತಿದ್ದರು. ಹಾಗಾಗಿ ಒದ್ದೆಯೋ, ಒರಲೆಯೋ, ಇಲಿ ಕಡಿದ ವೈರೋ ಆ ವಾರವೇ ಕಣ್ಣಿಗೆ ಬೀಳುತ್ತಿತ್ತು. ಮುಚ್ಚಿದ ಸೀಲಿಂಗಿನ ಮೇಲೆ ಏನಾಗುತ್ತಿದೆ ಎಂದು ಕಲೆ ಮೂಡುವವರೆಗೂ ತಿಳಿಯುವುದಿಲ್ಲ. ಆ ಬಾಗಿಲಿನಿಂದ ಟಾರ್ಚು ಹಿಡಿದು ಮೂರು ಸಲ ಇಣುಕಿ: ಮಳೆ ಹಿಡಿಯುವ ಮೊದಲು ಮೇ ಕೊನೆಯಲ್ಲಿ, ಮಳೆ ಬಿಟ್ಟ ಮೇಲೆ ದೀಪಾವಳಿಯ ಹೊತ್ತಿಗೆ, ಜನವರಿಯ ಒಂದು ಚಳಿ ಬೆಳಗ್ಗೆ ಸೂರ್ಯ ಮೂಡುವ ಮುನ್ನ. ವೈರಿನ ಜೋಡಣೆಗಳ ಹತ್ತಿರ ತೇವ ಕಂಡರೆ ಮೊದಲು ಮೇನ್ ಸ್ವಿಚ್ ಆರಿಸಿ, ಆಮೇಲೆ ಕೈ ಹಾಕಿ.